ಜಾಡಿಯಲ್ಲಿದ್ದ ಗೆಡ್ಡೆ

ಒಂದು ಹಲ್ಲು. ಶರ್ಟಿನ ಕಾಲರು. ಎಡ ಮೊಣಕಾಲಿನ ಚರ್ಮ...

ಒಂದು ಪ್ಲಾಸ್ಟಿಕ್ ಜಾಡಿಗೆ ಆವತ್ತು ನನಗೆ ಬಿದ್ದ ಖರ್ಚು ಇಷ್ಟು!

ಹಲ್ಲು ಹೋಗಿದ್ದು ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ. ಗೂಳಿಯಂಥ ಆಳು. ಒಂದು ಕೈ ನನ್ನ ಕತ್ತಿಗೆ, ಇನ್ನೊಂದು ನನ್ನ ಬ್ಯಾಗಿಗೆ.

"ಜಾಡಿ ಕೊಡಣ್ಣಾ. ಸುಮ್ನೆ ಯಾಕೆ ಮುಖ ಹಾಳು ಮಾಡ್ಕೋತೀಯ?"

"ಈ ಮುಖದಲ್ಲಿ ಹಾಳಾಗೋಕೆ ಇನ್ನೇನಿದೆಯೋ ತಮ್ಮಾ?"

ಗುದ್ದಿದ. ಇನ್ನೂ ಏನೋ ಇತ್ತು ಅಂತ ಆಗ ಗೊತ್ತಾಯ್ತು!

ಜಾಡಿಯಲ್ಲಿ ವಜ್ರ ಇರಲಿಲ್ಲ ಸ್ವಾಮಿ. ಒಬ್ಬ ಹೆಣ್ಣುಮಗಳ ಕತ್ತಿನಿಂದ ತೆಗೆದ ಗೆಡ್ಡೆ. ಆಕೆ ರೈಲ್ವೆ ಸ್ಟೇಷನ್ನಿನ ಅನೌನ್ಸರ್. ದನಿಯೇ ಅನ್ನ. ಅರ್ಧ ಥೈರಾಯ್ಡ್ ಆಗಲೇ ತೆಗೆದಿದ್ದರು. ಕ್ಯಾನ್ಸರ್ ಅಂತ ರಿಪೋರ್ಟು. ನಾಳಿದ್ದು ಉಳಿದರ್ಧಕ್ಕೂ ಕತ್ತರಿ. ಕತ್ತರಿ ಕೂದಲೆಳೆಯಷ್ಟು ಜಾರಿದರೂ ದನಿಯ ನರಕ್ಕೆ ಏಟು!

ಬೆಳಿಗ್ಗೆ ಆಕೆಯ ಅಕ್ಕ ನನ್ನ ಪತ್ತೇದಾರಿ ಆಫೀಸಿಗೆ ಬಂದಿದ್ದರು.

"ಲ್ಯಾಬಿನವರು ನಾಲ್ಕೇ ಚೂರು ನೋಡಿ ಬರೆದುಬಿಟ್ಟಿದ್ದಾರೆ. ಮಿಕ್ಕಿದ ಗೆಡ್ಡೆ ಜಾಡೀಲಿದೆ. ಬೇರೆ ಡಾಕ್ಟರಿಗೆ ತೋರಿಸ್ಬೇಕು. ಆದ್ರೆ ಯಾರೋ ಅದನ್ನ ಎಸೆಯೋಕೆ ಅವಸರ ಮಾಡ್ತಿದ್ದಾರೆ..."

"ಯಾರ ಮೇಲೆ ಗುಮಾನಿ?"

"ಆ ಸರ್ಜನ್ ಮೇಲೆ. ಆ ಮನುಷ್ಯ ನಗೋದೇ ಇಲ್ಲ!"

ನನಗೂ ಅವನ ಮೇಲೇ. ವಾರ್ಡಿಗೆ ಹೋಗಿ ಜಾಡಿ ಕೇಳೋ ಅರ್ಜಿಗೆ ತಂಗಿಯ ಸಹಿ ಹಾಕಿಸಿಕೊಂಡೆ. ಪಕ್ಕದಲ್ಲೇ ಗಂಡ. ಅಳುತ್ತಿದ್ದ. "ಹೇಗಾದ್ರೂ ಇವಳನ್ನ ಉಳಿಸಿ ಸಾರ್..." ಪಾಪ ಅನ್ನಿಸಿತು. ಲ್ಯಾಬಿನಿಂದ ಜಾಡಿ ಬಿಡಿಸಿಕೊಂಡೆ, ಜೊತೆಗೆ ಅವರು ಮೈಕ್ರೋಸ್ಕೋಪಿನಡಿ ನೋಡಿದ್ದ ಗಾಜಿನ ಪಟ್ಟಿಗಳನ್ನೂ. ಹೊರಗೆ ಕಾಲಿಟ್ಟರೆ ಈ ಗೂಳಿ!

ತಲೆ ತಗ್ಗಿಸಿ ಅವನ ಹೊಟ್ಟೆಗೆ ನುಗ್ಗಿದೆ. ಇಬ್ಬರೂ ಉರುಳಿದೆವು. ಅವನು ಕೆಳಗೆ, ನಾನು ಮೇಲೆ. ಪುಣ್ಯ! ಅವನ ಫೋನು ನನ್ನ ಕೈಗೆ ಬಂತು.

ಓಡಿದೆ. ಒಗೆಯೋ ಕೋಣೆ... ಒದ್ದೆ ಬೆಡ್‌ಶೀಟುಗಳ ಸಾಲು... ಗೇಟು... ಟ್ಯಾಕ್ಸಿ!

ಫೋನು ಬಡಿದುಕೊಂಡಿತು. ಎತ್ತಿ ಸುಮ್ಮನಿದ್ದೆ.

"ಜಾಡಿ ಸಿಕ್ತಾ? ಮೋರಿಗೆ ಸುರಿದುಬಿಡು!"

ಆ ದನಿ ನನಗೆ ಗೊತ್ತಿತ್ತು. ಬೆಳಿಗ್ಗೆ ತಾನೇ ಅಳುತ್ತಿತ್ತು.

ಊರಾಚೆಯ ಲ್ಯಾಬಿನಲ್ಲಿ ನರೆಗೂದಲ ಡಾಕ್ಟರಮ್ಮ ಜಾಡಿಯನ್ನು ಬೆಳಕಿಗೆ ಹಿಡಿದರು.

"ಮುಂಚೆ ಇಂಥದ್ದನ್ನೆಲ್ಲ ಕ್ಯಾನ್ಸರ್ ಅಂತಲೇ ಕರೀತಿದ್ವಿ. ಈಗ ಕೆಲವಕ್ಕೆ ಆ ಹೆಸರು ಬಿಟ್ಟಿದ್ದೀವಿ. ಆದ್ರೆ ಗೆಡ್ಡೆ ಸುತ್ತ ಒಂದು ಪೊರೆ ಇರುತ್ತೆ ನೋಡಿ, ಅದನ್ನ ಎಲ್ಲೂ ದಾಟಿರಬಾರದು. ನಿಮ್ಮ ಕಸುಬಲ್ಲಿ ಹೇಳೋದಾದ್ರೆ, ಕಳ್ಳ ಕಾಂಪೌಂಡ್ ಹಾರಿಲ್ಲ ಅನ್ಬೇಕಾದ್ರೆ ಏನು ಮಾಡ್ತೀರಿ?"

"ಇಡೀ ಕಾಂಪೌಂಡ್ ಸುತ್ತು ಹಾಕ್ತೀನಿ."

"ಇವರು ಗೇಟು ನೋಡಿ ವಾಪಸ್ ಹೋಗಿದ್ದಾರೆ!"

"ಹಾಗಾದ್ರೆ ಮೊದಲ ಆಪರೇಷನ್ನೂ ದಂಡವಾ?"

"ಇಲ್ಲಪ್ಪ. ಆಪರೇಷನ್ನಿಗೆ ಮುಂಚೆ ಸೂಜಿ ಚುಚ್ಚಿ ತೆಗೆಯೋ ಹನಿಯಲ್ಲಿ ಪೊರೆ ಕಾಣಲ್ಲ. ಗೆಡ್ಡೆ ಹೊರಗೆ ಬಂದ್ಮೇಲೇ ಗೊತ್ತಾಗೋದು. ನಾಳೆ ಸಂಜೆ ಬನ್ನಿ. ಪೊರೆ ದಾಟಿದ್ರೆ ಹೆಸರು ಹಾಗೇ ಇರುತ್ತೆ. ಅದಕ್ಕೂ ತಯಾರಾಗಿರಿ."

ಇಡೀ ರಾತ್ರಿ ಅಕ್ಕ ತಂಗಿಯ ಮಂಚ ಬಿಟ್ಟು ಏಳಲಿಲ್ಲ. ನಾನು ಬಾಗಿಲು ಬಿಟ್ಟು ಏಳಲಿಲ್ಲ.

ಮರುದಿನ ಸಂಜೆ ಡಾಕ್ಟರಮ್ಮ ಒಂದೇ ಮಾತು ಹೇಳಿದರು. "ದಾಟಿಲ್ಲ. ಎಲ್ಲೂ!"

ಸರ್ಜನ್ ಹೊಸ ರಿಪೋರ್ಟನ್ನು ಎರಡು ಸಲ ಓದಿದ. ಆಗಲೂ ನಗಲಿಲ್ಲ.

"ಹಳೇ ರಿಪೋರ್ಟು ನಂಬಿದ್ದೆ. ಇದು ಕ್ಯಾನ್ಸರೇ ಅಲ್ಲ ಅಂದ್ಮೇಲೆ ನಾನ್ಯಾಕೆ ಕೊಯ್ಲಿ? ಆಮೇಲೆ ಕೊಡಬೇಕಿದ್ದ ರೇಡಿಯೋ ಅಯೋಡಿನ್ ಮದ್ದೂ ಬೇಡ. ಮನೆಗೆ ಹೋಗಮ್ಮ. ಆಗಾಗ ಬಂದು ತೋರಿಸ್ತಿರು."

ನಾನು ಆ ಫೋನನ್ನು ಗಂಡನ ಮುಂದೆ ಇಟ್ಟೆ. ಅವನ ಮುಖ ಬಿಳಿಚಿತು.

"ಕ್ಯಾನ್ಸರ್ ಅಂತ ಇದ್ರೇನೇ ಇನ್ಷೂರೆನ್ಸ್ ದುಡ್ಡು... ಜೀವಕ್ಕೇನೂ ಅಪಾಯ ಇಲ್ವಲ್ಲಾ ಅಂತ..."

"ನನ್ನ ದನಿಗೆ?" ಅಂದಳು ಹೆಂಡತಿ.

ಅವನು ಫೋನಿಗೆ ಕೈ ಹಾಕಿದ. ಆಕೆ ಅದನ್ನು ಎಳೆದುಕೊಂಡಳು.

"ನೀವಿನ್ನು ಹೊರಡಿ ರೀ."

ಸಾವಿರ ರೈಲು ಹೊರಡಿಸಿದ ದನಿ ಅದು. ಅವನು ಲೇಟ್ ಮಾಡಲಿಲ್ಲ.

ಥೈರಾಯ್ಡ್ ಅರ್ಧ ಹೋಯ್ತು, ಅರ್ಧ ಉಳೀತು. ದನಿ ಪೂರ್ತಿ ಉಳೀತು.

ಗಂಡ ಪೂರ್ತಿ ಹೋದ.