ನೇರಳೆ ಜಾಕೆಟ್, ಕಪ್ಪು ಕೊಡೆ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ, ಸಂಜೆ ಏಳೂಮುಕ್ಕಾಲು. ತೈನಾನ್ ನಗರದ ಕಾಲುವೆ ಬದಿಯ ಠಾಣೆಗೆ ಬಂದ ಯು ಚಿನ್-ಹೋ ಎಂಬಾತ, ಕುರ್ಚಿ ಎಳೆದುಕೊಳ್ಳುವ ಮೊದಲೇ ತನ್ನ ತಾಯಿ ಕಾಣೆಯಾಗಿದ್ದಾಳೆ ಎಂದ.

"ವಯಸ್ಸು?" ಕಾನ್‌ಸ್ಟೇಬಲ್ ಲು ಕೇಳಿದ.

"ಎಂಬತ್ತೊಂದು. ಅಂದ್ರೆ, ತೀರ್ಕೊಂಡಾಗ."

ಲು ಪೆನ್ನು ಕೆಳಗಿಟ್ಟ. ಒಳಗೆ ಹಾಲುಮೀನಿನ ಗಂಜಿಯ ಡಬ್ಬಿ ಆಗಷ್ಟೇ ತೆರೆದಿದ್ದ ಇನ್‌ಸ್ಪೆಕ್ಟರ್ ಚಿಯೆನ್, ಮುಚ್ಚಳ ಮತ್ತೆ ಹಾಕಿ ಎದ್ದು ಬಂದಳು. ಬೆಳಗ್ಗೆ ಮಗಳ ಶಾಲೆಯ ಊಟ ಕಟ್ಟಿಕೊಟ್ಟ ಮೇಲೆ ಅವಳು ಕೂತಿದ್ದೇ ಆಗ.

ಕಳುವಾದದ್ದು ತಾಯಿಯ ಹೆಸರು ಕೆತ್ತಿದ ಮರದ ಪಟ್ಟಿ; ತೀರಿಕೊಂಡವರು ಅದರಲ್ಲೇ ನೆಲೆಸಿರುತ್ತಾರೆಂದು ಪೂಜಿಸುವಂಥದ್ದು. ಮನೆಯ ಪೀಠದ ಮೇಲಿನ ಪೆಟ್ಟಿಗೆಯಲ್ಲಿ ಹಿರಿಯರ ಪಟ್ಟಿಗಳೆಲ್ಲ ಒಟ್ಟಿಗಿದ್ದವು. ಕಸದ ಲಾರಿಯ ಹಾಡು ಕೇಳಿದೊಡನೆ ಚಿನ್-ಹೋ ಚೀಲ ಹಿಡಿದು ಕೆಳಗೆ ಓಡಿದ್ದ. ಬಾಗಿಲಿಗೆ ಬೀಗ ಹಾಕಿರಲಿಲ್ಲ. ಲಾರಿ ಬಂದಾಗ ಆ ಗಲ್ಲಿಯಲ್ಲಿ ಯಾರೂ ಹಾಕುವುದಿಲ್ಲ. ಹಿಂತಿರುಗಿದಾಗ ತಾಯಿಯ ಪಟ್ಟಿಯೊಂದೇ ಇರಲಿಲ್ಲ.

"ಯಾರ ಮೇಲಾದ್ರೂ ಅನುಮಾನ ಇದೆಯಾ?"

"ಅನುಮಾನ ಎಲ್ಲಿ ಬಂತು ಮೇಡಂ, ಗೊತ್ತು. ನನ್ನ ತಂಗಿ ಪೀ-ಯುನ್. ಲಾರಿ ಹಿಂದಿನ ಗುಂಪಲ್ಲಿ ನಿಂತಿದ್ಲು. ಗುಡಿ ಸೇವೆಯವರ ನೇರಳೆ ಜಾಕೆಟ್ ಹಾಕ್ಕೊಂಡಿದ್ಲು. ಕಣ್ಣಾರೆ ನೋಡಿದೆ."

"ಮುಖ ನೋಡಿದ್ರಾ?"

"ಬೆನ್ನು. ಸ್ವಂತ ತಂಗಿ ಬೆನ್ನು ಗೊತ್ತಾಗಲ್ವಾ?"

"ಒಡಹುಟ್ಟಿದವರ ಮಧ್ಯದ ಕಳವು. ನೀವು ಹಟ ಹಿಡಿದ್ರೆ ಮಾತ್ರ ಕೇಸು. ಮನೆಗೆ ಹೋಗಿ ಯೋಚನೆ ಮಾಡಿ."

"ಬರ್ಕೊಳ್ಳಿ."

ಎಫ್‌ಐಆರ್ ದಾಖಲಾಯಿತು.

ಅದೇ ರಾತ್ರಿ ಪಂಚನಾಮೆ ನಡೆಯಿತು. ಪೀಠದ ಮೇಲಿನ ದೇವಿಯ ಕೊರಳಲ್ಲಿ ಬಂಗಾರದ ಪದಕಗಳು ಹಾಗೇ ಇದ್ದವು. ಧೂಪದ ಪಾತ್ರೆಯಿಂದ ಒಂದು ಚಮಚದಷ್ಟು ಬೂದಿ ತೆಗೆದ ಗುಳಿಯಿತ್ತು. ನೆಲದ ಮೇಲೆ ಅರ್ಧಚಂದ್ರದ ಎರಡು ಮರದ ತುಂಡುಗಳು, ಒಂದು ಮಕಾಡೆ, ಇನ್ನೊಂದು ಅಂಗಾತ ಬಿದ್ದಿದ್ದವು. ಪ್ರಶ್ನೆ ಕೇಳಿ ಎಸೆದಾಗ ಹಾಗೆ ಬಿದ್ದರೆ ಹಿರಿಯರು ಹೌದು ಅಂದಂತೆ.

"ಅಪ್ಪಣೆ ಕೇಳಿ ಕದಿಯೋ ಕಳ್ಳ," ಎಂದ ಲು.

"ಬೂದಿನೂ ತಗೊಂಡಿದ್ದಾರೆ. ಬೇರೆ ಕಡೆ ಕೂರಿಸೋಕೆ. ಮನೆಯವರೇ," ಎಂದಳು ಚಿಯೆನ್.

ಬುಧವಾರ ಗುಡಿಯಲ್ಲಿ ವಿಚಾರಿಸಿದರು. ಅಂಥ ಜಾಕೆಟ್ಟನ್ನು ಅರವತ್ತು ಹೆಂಗಸರಿಗೆ ಹಂಚಿದ್ದರು. ಅವರಲ್ಲೊಬ್ಬಳಾದ ಪಕ್ಕದ ಗಲ್ಲಿಯ ಪಾನ್ ಆಂಟಿ ಕೇಳಿದೊಡನೆ ಒಪ್ಪಿಕೊಂಡಳು.

"ನಾನೇ ಕಣಮ್ಮ. ನಮ್ಮ ಗಲ್ಲಿಲಿ ಲಾರಿ ತಪ್ಪೋಯ್ತು, ಚೀಲ ಎತ್ಕೊಂಡು ಅಲ್ಲಿಗೆ ಓಡಿದೆ. ಆ ಚಿನ್-ಹೋ ನನ್ನನ್ನೇ ದುರುಗುಟ್ಕೊಂಡು ನೋಡ್ತಿದ್ದ. ಈ ವಯಸ್ಸಲ್ಲಿ ಇವನಿಗೇನು ಬಂತಪ್ಪಾ ಅಂದ್ಕೊಂಡೆ!"

ಲಾರಿಯ ಕ್ಯಾಮೆರಾದಲ್ಲೂ ಆಂಟಿಯೇ ಇದ್ದಳು. ನೇರಳೆ ಜಾಕೆಟ್ ಬೇರೆ ಇರಲಿಲ್ಲ.

"ಹಾಗಾದ್ರೆ ತಂಗಿ ಬಂದೇ ಇಲ್ಲ," ಎಂದ ಲು.

"ಅಣ್ಣ ನೋಡಿದ್ದು ತಂಗಿನ ಅಲ್ಲ. ನಮಗೆ ಗೊತ್ತಾಗಿದ್ದು ಅಷ್ಟೇ."

ಚಿಯೆನ್‌ಗೆ ನೆನಪಾದದ್ದು ತನ್ನ ತವರಿನವರು ಮನೆ ಬದಲಿಸಿದ ದಿನ. ಹಿರಿಯರನ್ನು ಹೊರಗೆ ಒಯ್ಯುವಾಗ ಕಪ್ಪು ಕೊಡೆ ಹಿಡಿಯಬೇಕು, ಅವರು ಹಿಂದೆ ಉಳಿಯದಂತೆ ದಾರಿಯುದ್ದಕ್ಕೂ ಹೇಳುತ್ತ ಹೋಗಬೇಕು. ಪೀ-ಯುನ್ ಇದ್ದದ್ದು ಕಾಲುವೆಯಾಚೆ; ಅವಳು ಸೇತುವೆಯ ಕ್ಯಾಮೆರಾದ ಮಂಗಳವಾರದ ದೃಶ್ಯ ಹಾಕಿಸಿ ನೋಡಿದಳು. ಮೋಡವಿಲ್ಲದ ಸಂಜೆಯಲ್ಲಿ ಬಿಳಿ ಅಂಗಿಯ ಹೆಂಗಸೊಬ್ಬಳು ಕಪ್ಪು ಕೊಡೆ ಬಿಚ್ಚಿಕೊಂಡು, ಚೀಲವನ್ನು ಎದೆಗವಚಿಕೊಂಡು ದಾಟುತ್ತಿದ್ದಳು. ಮುಖ ಸ್ಪಷ್ಟವಾಗಿತ್ತು. ಪೀ-ಯುನ್.

ಸೇತುವೆ ತುದಿಯ ಸೀಬೆಹಣ್ಣಿನವನು ಹೇಳಿಕೆ ಕೊಟ್ಟ: "ಪಕ್ಕದಲ್ಲಿ ಯಾರೂ ಇಲ್ಲ. 'ಅಮ್ಮ, ಸೇತುವೆ ಬಂತು, ಜೋಪಾನ' ಅಂದ್ಲು. ಫೋನಲ್ಲಿ ಮಾತಾಡ್ತಿದ್ದಾಳೆ ಅಂದ್ಕೊಂಡೆ."

ಪೊಲೀಸಿಗೆ ಸೇರುವ ಮೊದಲು ಲು ಎರಡು ವರ್ಷ ತತ್ತ್ವಶಾಸ್ತ್ರ ಓದಿದ್ದ. ಹಿಂತಿರುಗುವಾಗ ಸುಮ್ಮನಿರಲಾರದೆ ಹೇಳಿದ: "ಅಣ್ಣ ಹೇಳಿದ್ದೂ ನಿಜ, ಮೇಡಂ. ಆದ್ರೂ ಅವನಿಗೆ ಗೊತ್ತಿರ್ಲಿಲ್ಲ. ನಮ್ಮ ಮೇಷ್ಟ್ರು ಪರೀಕ್ಷೆಲಿ ಇಂಥದ್ದೇ ಕೇಳಿದ್ರು. ಕೊಳದಲ್ಲಿ ಬಾತುಕೋಳಿ ಇದೆ ಅಂತ ಒಬ್ಬ ಹೇಳ್ತಾನೆ. ಅವನು ನೋಡಿದ್ದು ಪ್ಲಾಸ್ಟಿಕ್ ಬಾತು. ಆದ್ರೆ ಜೊಂಡಿನ ಹಿಂದೆ, ಅವನಿಗೆ ಕಾಣದ ಹಾಗೆ, ನಿಜವಾದ್ದೊಂದು ಕೂತಿದೆ. ಅವನಿಗೆ ಗೊತ್ತಿತ್ತಾ?"

"ನೀನೇನು ಬರೆದೆ?"

"ಗೊತ್ತಿರ್ಲಿಲ್ಲ ಅಂತ. ಯಾಕೆ ಅಂತ ಬರೆಯೋಕೆ ಬರ್ಲಿಲ್ಲ. ಫೇಲಾದೆ, ಇಲ್ಲಿಗೆ ಬಂದೆ."

ಚಿಯೆನ್ ಚಿನ್-ಹೋನ ಮನೆ ಮೆಟ್ಟಿಲು ಇನ್ನೊಮ್ಮೆ ಹತ್ತಿದಳು.

"ನೀವು ನೋಡಿದ್ದು ಪಾನ್ ಆಂಟಿನ."

"ಯಾರನ್ನ ನೋಡಿದ್ರೇನು? ಕದ್ದಿದ್ದು ಅವಳೇ ತಾನೇ? ನಾನು ಹೇಳಿದ್ದೇ ಆಯ್ತಲ್ಲ!"

"ಆ ಅರವತ್ತರಲ್ಲಿ ಯಾರ ಬೆನ್ನು ಕಂಡಿದ್ರೂ ನೀವು ತಂಗಿ ಹೆಸರೇ ಹೇಳ್ತಿದ್ರಿ. ಅವಳು ಮನೆಲೇ ಇದ್ದಿದ್ರೂ ಹೇಳ್ತಿದ್ರಿ."

ಅವನು ಪೀಠದ ಕಡೆ ನೋಡಿದ.

"ದೂರು ವಾಪಸ್ ತಗೋತೀರಾ?"

"ಮೊದಲು ಅಮ್ಮ ಮನೆಗೆ ಬರ್ಲಿ. ಆಮೇಲೆ ನೋಡೋಣ."

ಚಿಯೆನ್ ಅವನು ಕಂಡೆನೆಂದ ಮಾತನ್ನು ಬದಿಗಿಟ್ಟು, ಕೊಡೆ ಮತ್ತು ಸೇತುವೆಯ ಆಧಾರದ ಮೇಲಷ್ಟೇ ವಾರಂಟ್ ಕೇಳಿದಳು.

ಗುರುವಾರ ಬೆಳಗ್ಗೆ ಹತ್ತು ಗಂಟೆ. ಕಾಲುವೆಯಾಚೆ ನೂಡಲ್ ಅಂಗಡಿಯ ಮೇಲಿನ ಒಂಟಿ ಕೋಣೆ. ಪೀ-ಯುನ್ ಬಾಗಿಲು ತೆಗೆದು, ಅವರನ್ನೇ ಕಾಯುತ್ತಿದ್ದವಳಂತೆ ಪಕ್ಕಕ್ಕೆ ಸರಿದಳು. ಗೋಡೆಯ ಹಲಗೆಯ ಮೇಲೆ ತಾಯಿಯ ಪಟ್ಟಿ, ಬಿಸಿ ಅನ್ನದ ಬಟ್ಟಲು, ಪುಟ್ಟ ಕೆಂಪು ದೀಪ. ಪಟ್ಟಿಗೆ ಒತ್ತಿಕೊಂಡಂತೆ ಒಂದು ಹುಡುಗಿಯ ಫೋಟೊ.

"ಯಾರಿದು?"

"ನನ್ನ ಮಗಳು, ಆ-ಛಿಂಗ್. ಹೋದ ವರ್ಷ ಹೋದ್ಲು. ಹತ್ತೊಂಬತ್ತು. ಮದುವೆ ಆಗದ ಹುಡುಗಿಗೆ ಪೀಠದಲ್ಲಿ ಜಾಗ ಇಲ್ವಂತೆ. ಅವರಪ್ಪನ ಮನೆಯವರು ಬೇಡ ಅಂದ್ರು. ಗಂಡನ್ನ ಬಿಟ್ಟು ಬಂದವಳ ಮಗಳು ಅಂತ ಅಣ್ಣನೂ ಬೇಡ ಅಂದ."

"ಅದಕ್ಕೆ ಅಮ್ಮನ್ನೇ ಇಲ್ಲಿಗೆ ಕರ್ಕೊಂಡು ಬಂದ್ರಿ."

"ಅಜ್ಜಿ ಮಗ್ಗುಲಲ್ಲಿ ಮಲಗಿ ಅಭ್ಯಾಸ ಅವಳಿಗೆ. ಕತ್ತಲೆ ಅಂದ್ರೆ ಆಗಲ್ಲ. ನಾನು ಅಮ್ಮನ್ನ ಕೇಳ್ದೆ, ಮೇಡಂ. ಕೇಳ್ದೇ ತರ್ಲಿಲ್ಲ. ಒಂದರ ಹಿಂದೊಂದು ಮೂರು ಸಲ ಹೌದು ಅಂದ್ಲು. ಅಮ್ಮನಿಗೆ ಇಷ್ಟ ಇತ್ತು. ನಂಗೊತ್ತು."

"ಒಟ್ಟು ಎಷ್ಟು ಸಲ ಎಸೆದ್ರಿ?"

ಪೀ-ಯುನ್ ತಲೆ ತಗ್ಗಿಸಿದಳು.

"ಹೌದು ಅನ್ನೋವರೆಗೂ."

ಲು ಚಿಯೆನ್ ಮುಖ ನೋಡಿದ. ಚಿಯೆನ್ ಆ ಪ್ರಶ್ನೆಯನ್ನೂ ಉತ್ತರವನ್ನೂ ಹೇಳಿಕೆಯಲ್ಲಿ ಬರೆಸಲಿಲ್ಲ.

ಬಂಧನದ ಕಾಗದಕ್ಕೆ ಪೀ-ಯುನ್ ಸಹಿ ಹಾಕಿದಳು. ಕೈಕೋಳ ಬಿದ್ದಾಗ ಒಂದೇ ಮಾತು ಕೇಳಿಕೊಂಡಳು: ದೀಪ ಆರಿಸಬೇಡಿ. ಆರಿಸಲಿಲ್ಲ. ಮರದ ಪಟ್ಟಿಯನ್ನು ಸಾಕ್ಷ್ಯದ ಚೀಲಕ್ಕೆ ಹಾಕಿ ಲು ಬಾಗಿಲ ಬಳಿ ನಿಂತ. ಮೂಲೆಯಲ್ಲಿ ಕಪ್ಪು ಕೊಡೆ ಒರಗಿತ್ತು. ಚಿಯೆನ್ ಅದನ್ನು ಬಿಚ್ಚಿ ಅವನ ಕೈಗೆ ಕೊಟ್ಟಳು.

ಓಣಿಗೆ ಜೀಪು ಬರುವಂತಿರಲಿಲ್ಲ, ನಡೆದೇ ಹೊರಟರು. ಸೇತುವೆಯ ಬುಡದಲ್ಲಿ ಪೀ-ಯುನ್ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ ಅಲ್ಲೇ ನಿಂತುಬಿಟ್ಟಳು. ಸೀಬೆಹಣ್ಣಿನವನು ಚಾಕು ಹಿಡಿದು ನೋಡುತ್ತಿದ್ದ.

"ಅಜ್ಜಿ," ಎಂದಳು ಚಿಯೆನ್, ಕೊಡೆಯ ಕೆಳಗಿನ ಖಾಲಿ ಜಾಗಕ್ಕೆ. "ಸೇತುವೆ ಬಂತು. ಜೋಪಾನ."

ಅರ್ಧ ದಾಟಿದ ಮೇಲೆ ಲು ತಗ್ಗಿದ ದನಿಯಲ್ಲಿ ಕೇಳಿದ:

"ಕೇಳಿಸಿರುತ್ತಾ, ಮೇಡಂ?"

"ಗೊತ್ತಿಲ್ಲ. ಕೊಡೆ ನೆಟ್ಟಗೆ ಹಿಡ್ಕೋ."