ಎಡಗಡೆಯ ಅಕ್ಕಿ

ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿದ ಬಾಡಿಗೆದಾರನೊಬ್ಬ ಬೆಳಿಗ್ಗೆ ಹೆಣ ಕಂಡ.

ಮೆಟ್ಟಿಲ ಬುಡದಲ್ಲಿ ಮೆರೆಟೆ ಕೊಫೋಡ್ ಅಂಗಾತ ಬಿದ್ದಿದ್ದಳು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲಿ ಬಟ್ಟೆಬುಟ್ಟಿ ಮಗುಚಿತ್ತು. ಮೂರನೇ ಮಹಡಿಯವಳು, ನಲವತ್ತು ದಾಟಿದ ಹೆಂಗಸು, ಆಲ್‌ಬೋರ್ಗ್‌ನಲ್ಲಿ ಸಿಟಿ ಬಸ್ ಓಡಿಸುತ್ತಿದ್ದಳು.

ಪೊಲೀಸ್ ವೈದ್ಯ ಅವಳ ಅಂಗಿಯ ಗುಂಡಿ ಬಿಚ್ಚಿದ. ಒಳಗೆ ಬಿಗಿಯಾದ ಬ್ರಾ. ಅದರೊಳಗೆ ನೈಲಾನ್ ಕಾಲುಚೀಲದ ಎರಡು ಗಂಟು. ಗಂಟಿನ ತುಂಬ ಅಕ್ಕಿ.

"ಬುತ್ತಿ ಕಟ್ಕೊಂಡು ಹೊರಟಿದ್ಲೇನೋ," ಎಂದ ಠಾಣೆಯ ಮುಖ್ಯಸ್ಥ ಪ್ರೆಬೆನ್ ಡಾಲ್. ಸುತ್ತ ನಿಂತ ಗಂಡಸರೆಲ್ಲ ನಕ್ಕರು.

ಇನ್ಸ್‌ಪೆಕ್ಟರ್ ಗುಡ್ರುನ್ ಹೋಲ್ಸ್ಟ್ ನಗಲಿಲ್ಲ.

"ಎದೆಗೆ ಸಿಲಿಕೋನ್ ಇಂಪ್ಲಾಂಟ್ ಹಾಕಿಸ್ಕೊಳ್ಳೋಳಿದ್ಲು," ಎಂದಳು. "ಯಾವ ಅಳತೆ ಒಪ್ಪುತ್ತೆ ಅಂತ ಮನೇಲಿ ಹೀಗೇ ನೋಡೋದು. ಅಷ್ಟೇ ಅಕ್ಕಿ ಅಳೆದು ಕಟ್ಕೊಂಡು ಒಂದು ವಾರ ಓಡಾಡ್ತಾರೆ. ನಿನ್ನ ಹೆಂಡ್ತೀನ ಕೇಳು."

"ನನ್ನ ಹೆಂಡ್ತಿಗೆ ಅದೆಲ್ಲ ಬೇಕಿಲ್ಲ."

"ನಿನಗೂ ಬೇಕಿಲ್ವಾ ಅಂತ ಅವಳನ್ನ ಕೇಳ್ಬೇಕು."

ಪ್ರೆಬೆನ್‌ನ ಮುಖ ಕೆಂಪಾಯಿತು. ಇಬ್ಬರಿಗೂ ಮೊದಲಿನಿಂದ ಆಗಿಬರುತ್ತಿರಲಿಲ್ಲ. ಠಾಣೆಯಲ್ಲಿ ಅದು ಗುಟ್ಟೇನೂ ಅಲ್ಲ.

ವೈದ್ಯ ಮೆಟ್ಟಿಲುಗಳನ್ನು ತೋರಿಸಿದ. ಗಾಯ ಅಷ್ಟು ದೊಡ್ಡದು, ಇಲ್ಲಿ ರಕ್ತ ಇಷ್ಟೇ. ಬೇರೆಲ್ಲೋ ಸತ್ತವಳನ್ನು ಇಲ್ಲಿಗೆ ಎಳೆದು ತಂದಿದ್ದಾರೆ.

ನೆಲಮಾಳಿಗೆಯ ಬಾಗಿಲಿಗೆ ಅಂಟಿಕೊಂಡಂತೆ ಡೋರ್ಟೆ ಲುಂಡ್‌ಳ ಮನೆ. ಎಲುಬು ಗೂಡಿನಂಥ ಹೆಂಗಸು. ಪೊಲೀಸರಿಗೆ ಕಾಫಿ ತಂದಳು. ಕೇಳುವ ಮೊದಲೇ ಹೇಳಿದಳು.

"ಐನರ್ ರೀ. ಅವಳನ್ನ ಬಿಟ್ಟ ಗಂಡ. ನಿನ್ನೆ ಸಂಜೆ ಮೆಟ್ಟಿಲ ಮೇಲೆ ನಿಂತು ಕೂಗಾಡ್ದ. 'ಆ ಚೀಲ ಹಾಕಿಸ್ಕೊಂಡು ಬಂದ್ರೆ ನಿನ್ನ ಮುಗಿಸೇಬಿಡ್ತೀನಿ' ಅಂದ. ಇಡೀ ಬಿಲ್ಡಿಂಗ್ ಕೇಳಿದೆ."

"ನೀವು ಮೆರೆಟೇನ ನಿನ್ನೆ ನೋಡಿದ್ರಾ?" ಎಂದಳು ಗುಡ್ರುನ್.

"ಅವಳ ಮುಖ ನೋಡದೆ ಎಷ್ಟೋ ದಿನ ಆಯ್ತು. ಈ ಆಪರೇಷನ್ ಬೇಡ ಅಂದೆ, ಮುನಿಸ್ಕೊಂಡ್ಲು. ನಾನೂ ಆ ಸಿಲಿಕೋನ್ ಹತ್ತು ವರ್ಷ ಹೊತ್ತಿದ್ದೆ ರೀ. ಒರಟು ಮೈಯದ್ದು. ಕಾಯಿಲೆ ಬಂತು, ತೆಗೆಸ್ದೆ. ತೆಗೆಸಿದ ಮೇಲೆ ಗಂಡನೂ ಹೋದ."

ಮಧ್ಯಾಹ್ನದೊಳಗೆ ಐನರ್ ಲಾಕಪ್ಪಿನಲ್ಲಿದ್ದ. ಕೂಗಾಡಿದ್ದು ನಿಜ ಎಂದ. ಕೊಂದಿಲ್ಲ ಎಂದ. ಹಿಡಿದವನನ್ನು ಮರುದಿನದೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅವರು ತಲೆಯಾಡಿಸಿದರೆ ಅವನು ಜೈಲಿಗೆ, ಅವನ ಹದಿನೈದರ ಮಗಳು ಸಿಗ್ನೆ ಯಾವುದೋ ಅಪರಿಚಿತರ ಮನೆಗೆ. ತಾಯಿ ಮೆರೆಟೆ ಆಗಲೇ ಹೋಗಿದ್ದಳು. ಹುಡುಗಿಗೆ ಇನ್ನಾರೂ ಇರಲಿಲ್ಲ.

*

"ಎರಡು ಗಂಟು, ಎರಡು ಅಕ್ಕಿ," ಎಂದಳು ಗುಡ್ರುನ್.

ಠಾಣೆಯ ಮೇಜಿನ ಮೇಲೆ ಎರಡು ಬಟ್ಟಲು. ಬಲಗಡೆಯ ಗಂಟಿನಲ್ಲಿದ್ದದ್ದು ಉದ್ದನೆಯ ಸಣ್ಣ ಅಕ್ಕಿ. ಎಡಗಡೆಯದು ಗುಂಡಗಿನ ದಪ್ಪ ಅಕ್ಕಿ, ಕ್ರಿಸ್‌ಮಸ್ ತಿಂಗಳಲ್ಲಿ ಹಾಲು ಹಾಕಿ ಗಂಜಿ ಮಾಡುತ್ತಾರಲ್ಲ, ಅದು.

"ಅಕ್ಕಿ ಅಂದ್ರೆ ಅಕ್ಕಿ," ಎಂದ ಪ್ರೆಬೆನ್.

ಈ ದೇಶದವರ ಹಣೆಬರಹವೇ ಇಷ್ಟು. ಆಲೂಗಡ್ಡೆಯಲ್ಲಾದರೆ ಹತ್ತು ಜಾತಿ ಹೆಸರಿಸಿ ಜಗಳಕ್ಕೆ ನಿಲ್ಲುತ್ತಾರೆ. ಅಕ್ಕಿಯ ಮಾತು ಬಂದರೆ ಎಲ್ಲವೂ ಒಂದೇ ಮೂಟೆ.

"ಒಂದು ಖಾಲಿಯಾಯ್ತು, ಇನ್ನೊಂದು ತುಂಬಿದ್ಲು. ಅಷ್ಟೇ. ಇದನ್ನ ನ್ಯಾಯಾಧೀಶರ ಮುಂದೆ ಎತ್ತಿದ್ರೆ ನಿನ್ನ ಹುಚ್ಚಿ ಅಂತಾರೆ."

"ನೀನು ಆಗ್ಲೇ ಅಂತಿದೀಯ. ಹೊಸದೇನಿದೆ?"

ಗುಡ್ರುನ್ ಎರಡನ್ನೂ ಅಡುಗೆಮನೆಯ ಅಳತೆ ಲೋಟದಲ್ಲಿ ಅಳೆದಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಎರಡೂ ಸಮ.

*

ಮೆರೆಟೆಯ ಅಡುಗೆಮನೆಯಲ್ಲಿ ಸಿಗ್ನೆ ಗೋಡೆಗೆ ಒರಗಿ ನಿಂತಿದ್ದಳು. ಕೂರಲು ಒಪ್ಪಲಿಲ್ಲ.

"ಅಮ್ಮನ ಎದೆ ನೋಡಿ ನೀವೆಲ್ಲ ನಕ್ಕಿರಂತೆ."

"ನಾನು ನಗಲಿಲ್ಲ."

"ನಗೋರನ್ನ ಸುಮ್ಮನಿರಿಸ್ಲಿಲ್ವಲ್ಲ. ಅದೂ ಅದೇ."

ಗುಡ್ರುನ್‌ಗೆ ಆ ಮಾತು ನಾಟಿತು. ಕಪಾಟು ತೆಗೆದಳು. ಗಾಜಿನ ಡಬ್ಬಿಯಲ್ಲಿ ಉದ್ದನೆಯ ಅಕ್ಕಿ ಅರ್ಧಕ್ಕಿಂತ ಮೇಲೇ ಇತ್ತು. ಬೇರೆ ಅಕ್ಕಿ ಎಲ್ಲೂ ಇರಲಿಲ್ಲ.

"ಗಂಜಿ ಅಕ್ಕಿ ಎಲ್ಲಿಡ್ತಾರೆ ಅಮ್ಮ?"

"ಇಡಲ್ಲ. ಗಂಜಿ ವಾಸ್ನೆ ಬಂದ್ರೆ ಅಮ್ಮಂಗೆ ವಾಂತಿ ಬರ್ತಿತ್ತು. ಕ್ರಿಸ್‌ಮಸ್ಸಿಗೂ ಮಾಡ್ತಿರ್ಲಿಲ್ಲ." ಹುಡುಗಿ ಗುಡ್ರುನ್‌ಳ ಕಡೆ ತಿರುಗಿದಳು. "ಅಪ್ಪನ್ನ ಒಳಗೆ ಹಾಕಿದ್ರೆ ನನ್ನ ಯಾರ ಮನೆಗೆ ತಳ್ತೀರಿ? ಅದನ್ನ ಹೇಳಿ ಮೊದ್ಲು."

"ಬಟ್ಟೆ ಕಟ್ಬೇಡ ಇನ್ನೂ," ಎಂದಳು ಗುಡ್ರುನ್.

*

ಶಸ್ತ್ರವೈದ್ಯ ಎಬ್ಬೆ ಲಿಂಡ್‌ನ ಕೋಣೆ ಒಡವೆ ಅಂಗಡಿಯ ಹಾಗಿತ್ತು. ಮೇಜಿನ ಮೇಲೆ ಮಖಮಲ್ಲು. ಅದರ ಮೇಲೆ ಸಾಲಾಗಿ ಇಂಪ್ಲಾಂಟುಗಳು: ಗುಂಡಗಿನವು, ಹನಿಯಾಕಾರದವು, ನುಣುಪು, ಒರಟು. ಗುಡ್ರುನ್ ಒಂದನ್ನು ಕೈಗೆತ್ತಿಕೊಂಡಳು. ಅಂಗೈಯಲ್ಲಿ ಅದು ತಣ್ಣಗೆ ಅಲುಗಿತು. ಮನಸ್ಸಿಗೆ ಹಿಡಿಸಲಿಲ್ಲ. ಕೆಳಗಿಟ್ಟಳು.

"ಗುಂಡಗಿನದು ಮೇಲ್ಗಡೆ ತುಂಬ್ಕೊಂಡ ಹಾಗೆ ಕಾಣುತ್ತೆ," ಎಂದ ಅವನು, ಗಿರಾಕಿಗೆ ಹೇಳುವ ದನಿಯಲ್ಲಿ. "ಹನಿಯಾಕಾರದ್ದು ಸಹಜವಾಗಿ ಇಳಿಯುತ್ತೆ. ಆದ್ರೆ ಅದು ಒಳಗೆ ತಿರುಗಿಬಿಟ್ರೆ ಆಕಾರ ಕೆಟ್ಟುಹೋಗುತ್ತೆ. ಕಚ್ಕೊಂಡು ಕೂರೋಕೆ ಒರಟು ಮೈ ಬೇಕು. ಒರಟಿಂದ ಕೆಲವರಿಗೆ ಕಾಯಿಲೆ ಬಂತು ಅಂತ ಈಗ ಕೇಳೋರು ಕಡಿಮೆ."

"ಮೆರೆಟೆ ಯಾವುದು ಆರಿಸಿದ್ಲು?"

"ಗುಂಡು, ನುಣುಪು. ಬಲಕ್ಕೆ ಇನ್ನೂರ ಎಂಬತ್ತು ಮಿಲಿ, ಎಡಕ್ಕೆ ಮುನ್ನೂರ ಹತ್ತು."

ಗುಡ್ರುನ್ ತಲೆಯೆತ್ತಿದಳು. "ಎರಡೂ ಒಂದೇ ಅಲ್ವಾ?"

"ಯಾವ ಹೆಂಗಸಿನದೂ ಎರಡು ಕಡೆ ಒಂದೇ ಸಮ ಇರಲ್ಲ ಮೇಡಂ. ಅವರ ಎಡಗಡೆ ಸಣ್ಣದು. ಮನೇಲಿ ಅಕ್ಕಿ ಕಟ್ಟಿ ನೋಡುವಾಗ್ಲೂ ಎಡಕ್ಕೆ ಜಾಸ್ತಿ ಹಾಕಿ ಅಂದಿದ್ದೆ. ನಿನ್ನೆ ಮಧ್ಯಾಹ್ನ ಬಂದು ತೋರಿಸಿದ್ರು. ಸರಿಯಾಗೇ ಕಟ್ಟಿದ್ರು. ವಾರ ಮುಗಿಯೋವರೆಗೂ ಬಿಚ್ಚಬೇಡಿ ಅಂದೆ."

"ಒಬ್ಬಳೇ ಬಂದಿದ್ಲಾ?"

"ಜೊತೆಗೆ ಗಂಡಸಿದ್ದ. ನಿಜ ಹೇಳ್ಬೇಕಂದ್ರೆ ಆರಿಸಿದ್ದೆಲ್ಲ ಅವನೇ. ಒಂದೊಂದನ್ನೂ ಹಿಸುಕಿ ನೋಡ್ದ. 'ಹಿಂದಿನ ಸಲ ಒರಟು ಹಾಕಿಸಿ ಕೆಟ್ವಿ, ಈ ಸಲ ನುಣುಪೇ ಇರ್ಲಿ' ಅಂದ."

"ಹಿಂದಿನ ಸಲ ಅಂದ್ರೆ? ಮೆರೆಟೆಗೆ ಇದೇ ಮೊದಲು ತಾನೆ?"

"ಮೊದಲೇ. ನಾನು ಕೆದಕಲಿಲ್ಲ. ಇಲ್ಲಿಗೆ ಬರೋ ಗಂಡಸರ ಚರಿತ್ರೆ ಕೇಳ್ತಾ ಕೂತ್ರೆ ಕೆಲಸ ಸಾಗಲ್ಲ."

"ಹೆಂಗಸರ ಚರಿತ್ರೆ ಕೇಳೋಕಾದ್ರೂ ಪುರುಸೊತ್ತಿದೆಯಾ? ಅವನು ನೋಡೋಕೆ ಹೇಗಿದ್ದ?"

"ಆಜಾನುಬಾಹು. ಎದೆವರೆಗೆ ಕೆಂಪು ಗಡ್ಡ."

ಐನರ್ ಕುಳ್ಳ. ಗಡ್ಡ ಬಿಟ್ಟವನೇ ಅಲ್ಲ.

*

ಮರುದಿನ ಬೆಳಿಗ್ಗೆ, ಐನರ್‌ನನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಹೊತ್ತಿಗೆ, ಗುಡ್ರುನ್ ಪ್ರೆಬೆನ್‌ನನ್ನು ಹೆಚ್ಚುಕಮ್ಮಿ ಎಳೆದುಕೊಂಡೇ ಡೋರ್ಟೆಯ ಬಾಗಿಲಿಗೆ ಬಂದಳು.

ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಕಿಟಕಿಯಲ್ಲಿ ಮೇಣದಬತ್ತಿ. ನೆಲದ ಮೇಲೆ ಉಣ್ಣೆಯಲ್ಲಿ ಹೆಣೆದ ದಪ್ಪ ಕಂಬಳಿ, ಅದರಾಚೆ ಹಳೆಯ ಕಾಲದ ಕಬ್ಬಿಣದ ಹೀಟರ್.

"ನಿಮ್ಮನ್ನ ಬಿಟ್ಟುಹೋದ ಗಂಡನಿಗೆ ಕೆಂಪು ಗಡ್ಡ ಇದೆಯಾ?" ಎಂದಳು ಗುಡ್ರುನ್.

ಡೋರ್ಟೆಯ ಕೈಯಲ್ಲಿದ್ದ ಸೌಟು ನಿಂತಿತು. "ಹೆನ್ನಿಂಗ್‌ಗಾ? ಇದೆ. ಅದಕ್ಕೇನೀಗ?"

ಗುಡ್ರುನ್ ಮಂಡಿಯೂರಿದಳು. ಹೆಣಿಗೆಯ ಸಂದುಗಳಲ್ಲಿ ಬೆರಳಾಡಿಸಿದಳು. ಪ್ರೆಬೆನ್ ಮುಖ ಸಿಂಡರಿಸಿದ. ಅವಳು ಎದ್ದು ಅಂಗೈ ಚಾಚಿದಳು. ಅದರಲ್ಲಿ ಉದ್ದನೆಯ ಅಕ್ಕಿಯ ಏಳೆಂಟು ಕಾಳುಗಳಿದ್ದವು.

"ಅಡುಗೆ ಮಾಡುವಾಗ ಚೆಲ್ಲಿರುತ್ತೆ," ಎಂದಳು ಡೋರ್ಟೆ. "ಅಕ್ಕಿ ಯಾರ ಮನೇಲಿಲ್ಲ?"

"ಒಲೆ ಆ ಮೂಲೇಲಿದೆ. ಚೆಲ್ಲಿದ್ದು ಹೀಟರಿನ ಬುಡದಲ್ಲಿ. ನಿಮ್ಮ ಕಪಾಟಿನಲ್ಲಿ ಈ ಉದ್ದನೆ ಅಕ್ಕಿ ತೋರಿಸಿ, ನಾನು ಎದ್ದು ಹೋಗ್ತೀನಿ."

ಡೋರ್ಟೆ ಕಪಾಟಿನ ಕಡೆ ನೋಡಲೂ ಇಲ್ಲ.

"ಮೊನ್ನೆ ಸಂಜೆ ಐನರ್ ಕೂಗಾಡಿ ಹೋದ," ಎಂದಳು ಗುಡ್ರುನ್. "ಮೆರೆಟೆ ಬಟ್ಟೆಬುಟ್ಟಿ ಹಿಡ್ಕೊಂಡು ಇಳಿದು ನಿಮ್ಮ ಬಾಗಿಲು ತಟ್ಟಿದ್ಲು. ಅವಳಿಗೆ ಗೊತ್ತಿದ್ದೋರಲ್ಲಿ ಇದನ್ನ ಅನುಭವಿಸಿದೋರು ನೀವೊಬ್ರೇ. ಮಾತಿಗೆ ಮಾತು ಬೆಳೀತು, ತಳ್ಳಿದ್ರಿ. ಹೀಟರಿನ ಅಂಚು ತಲೆಗೆ ಬಡೀತು. ಎಡಗಡೆ ಗಂಟು ಬಿಚ್ಕೊಂಡು ಅಕ್ಕಿ ನೆಲಕ್ಕೆ ಚೆಲ್ತು."

"ಕಥೆ," ಎಂದಳು ಡೋರ್ಟೆ.

"ಗುಡಿಸಿದ್ರಿ. ರಕ್ತ ಸೋಕಿದ ಅಕ್ಕೀನ ಮತ್ತೆ ತುಂಬೋ ಹಾಗಿರ್ಲಿಲ್ಲ. ಎರಡೂ ಗಂಟು ತೆಗೆದುಬಿಡೋಣ ಅಂದ್ರೆ, ವಾರ ಪೂರ್ತಿ ಕಟ್ಕೊಂಡಿರ್ತಾಳೆ ಅಂತ ಮಗಳಿಗೂ ಗೊತ್ತು, ಡಾಕ್ಟರಿಗೂ ಗೊತ್ತು. ಅದಕ್ಕೆ ಗಂಜಿಗೆ ಇಟ್ಟಿದ್ದ ಅಕ್ಕಿ ತುಂಬಿದ್ರಿ. ಬಲಗಡೇದನ್ನ ಅಳೆದು, ಅಷ್ಟನ್ನೇ ಎಡಕ್ಕೂ ಹಾಕಿದ್ರಿ. ಅವಳ ಎಡಗಡೆಗೆ ಮೂವತ್ತು ಮಿಲಿ ಜಾಸ್ತಿ ಬೇಕಿತ್ತು. ಮೊನ್ನೆ ಮಧ್ಯಾಹ್ನ ಡಾಕ್ಟರ ಮುಂದೆ ಅಷ್ಟೂ ಇತ್ತು. ಅದು ನಿಮಗೆ ಗೊತ್ತಾಗೋದು ಹೇಗೆ? ಬಾಗಿಲ ಪಕ್ಕದಲ್ಲೇ ಮೆಟ್ಟಿಲು. ಎಳ್ಕೊಂಡು ಹೋಗಿ ಉರುಳಿಸಿದ್ರಿ."

ಪ್ರೆಬೆನ್ ಹೀಟರಿನ ಹಿಂದೆ ಬಗ್ಗಿ ಟಾರ್ಚು ಹಾಕಿದ. ಬಹಳ ಹೊತ್ತು ಬಗ್ಗಿಯೇ ಇದ್ದ.

"ಇಲ್ಲಿ ರಕ್ತ ಇದೆ," ಎಂದ ಕೊನೆಗೆ, ಗುಡ್ರುನ್‌ಳ ಮುಖ ನೋಡದೆ.

ಡೋರ್ಟೆ ಒಲೆ ಆರಿಸಿದಳು. ಕುರ್ಚಿಯಲ್ಲಿ ಕುಳಿತಳು.

"ನಾನೇ ಒಳಗೆ ಕರ್ದೆ," ಎಂದಳು. "ಇಲ್ಲೇ ನಿಂತು ಎದೆ ಮುಂದೆ ಮಾಡಿ ತೋರಿಸಿದ್ಲು. ಚೆನ್ನಾಗಿದೆಯಾ ಅಂದ್ಲು. ಚೆನ್ನಾಗಿದೆ, ಇನ್ನೂ ಸ್ವಲ್ಪ ದೊಡ್ಡದು ಹಾಕಿಸ್ಕೋ ಅಂದೆ. ಅದಕ್ಕವಳು, 'ಬೇಡ ಕಣೇ, ನಿನ್ನದು ತೀರಾ ಜಾಸ್ತಿ ಆಗಿತ್ತಂತೆ, ಹೆನ್ನಿಂಗ್ ಹೇಳ್ತಿದ್ದ' ಅಂದ್ಲು. ಅಂದ್ಮೇಲೆ ಅವಳಿಗೇ ಗೊತ್ತಾಯ್ತು, ಏನಂದೆ ಅಂತ." ಡೋರ್ಟೆ ತನ್ನ ಚಪ್ಪಟೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಆ ಅಳತೆ ಆರಿಸಿದ್ದು ಅವನೇ ರೀ. ನಾನು ಸಣ್ಣದು ಸಾಕು ಅಂದಿದ್ದೆ."

"ಹಾಗಾದ್ರೆ ಐನರ್ ಹೆಸರು ಯಾಕೆ ಹೇಳಿದ್ರಿ?"

"ಅವನು ಕೂಗಾಡಿದ್ನಲ್ಲ," ಎಂದಳು ಡೋರ್ಟೆ, ಅದೇ ಸಾಕಲ್ಲ ಎಂಬಂತೆ.

*

ನ್ಯಾಯಾಲಯದ ಮೊಗಸಾಲೆಯಲ್ಲಿ ಐನರ್‌ನ ಕೈಕೋಳ ಬಿಚ್ಚಿದರು. ಪ್ರೆಬೆನ್ ಕ್ಷಮೆ ಕೇಳಲಿಲ್ಲ. ಅವನಿಗೆ ಅದು ಬರುವುದೇ ಇಲ್ಲ. ಬೆಂಚಿನ ತುದಿಯಲ್ಲಿ ಸಿಗ್ನೆ ಕುಳಿತಿದ್ದಳು. ಗುಡ್ರುನ್ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು.

ಹುಡುಗಿ ಥ್ಯಾಂಕ್ಸ್ ಹೇಳಲಿಲ್ಲ. ಎದ್ದು ಅಪ್ಪನ ಎದುರು ನಿಂತಳು. ಐನರ್ ಕೈ ಚಾಚಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ನೀನು ಕೊಂದಿಲ್ಲ. ಗೊತ್ತಾಯ್ತು," ಎಂದಳು. "ಆದ್ರೆ ಅಮ್ಮನ ಹತ್ರ ನೀನು ಕೊನೇದಾಗಿ ಆಡಿದ ಮಾತು ಮುಗಿಸ್ತೀನಿ ಅಂತ."

ಐನರ್ ಚಾಚಿದ ಕೈ ಕೆಳಗಿಳಿಸಿದ.

"ಮನೆಗೆ ಬಾ. ನನಗೆ ಹೋಗೋಕೆ ಬೇರೆ ಜಾಗ ಇಲ್ಲ. ಆದ್ರೆ ಅಮ್ಮನ ಬಗ್ಗೆ ನನ್ನ ಹತ್ರ ಒಂದು ಮಾತೂ ಆಡಬೇಡ. ನಾನೇ ಕೇಳೋವರೆಗೂ."

ಅವಳು ಬಾಗಿಲ ಕಡೆ ನಡೆದಳು. ಅವನು ತನ್ನ ಕೋಟು ತೋಳಿನ ಮೇಲೆ ಹಾಕಿಕೊಂಡು, ಸ್ವಲ್ಪ ಅಂತರ ಬಿಟ್ಟು ಹಿಂಬಾಲಿಸಿದ.