ಮಲ್ಲಿಕಾರ್ಜುನನ ಫ್ಲಾಸ್ಕಿನ ಟೀ

ಒಂದು ಲೋಟ ಟೀ ಬೇಡ ಅಂದದ್ದಕ್ಕೆ ಯಾರಾದರೂ ಪ್ರೀತಿಸಿದವನ ಜೊತೆ ಮಾತು ಬಿಡುತ್ತಾರಾ? ಬಿಡುತ್ತಾರೆ ಕಣ್ರೀ. ಇಂದ್ರಾಣಿ ಬಿಟ್ಟಳು.

ಅವಳು ತಿ. ನರಸೀಪುರದ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಮಲ್ಲಿಕಾರ್ಜುನ್ ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು, ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಬರುವವನು. ಎರಡು ವರ್ಷ ಕಣ್ಣಲ್ಲೇ ಮಾತಾಡಿಕೊಂಡು, ಕೊನೆಗೊಂದು ದಿನ, "ನಿಮ್ಮಮ್ಮನ್ನ ಒಂದ್ಸಲ ನೋಡ್ಬೇಕು" ಅಂದಿದ್ದ. ಯಾಕೆ ಅಂತ ಅವಳು ಕೇಳಲಿಲ್ಲ. ಕಿವಿ ಬಿಸಿಯಾಗಿತ್ತು.

ಅವನು ಲಿಂಗಾಯತರವನು, ಇವಳು ದಲಿತರ ಕೇರಿಯವಳು. ಇಬ್ಬರಿಗೂ ಗೊತ್ತಿದ್ದದ್ದೇ, ಆದರೆ ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ.

ಭಾನುವಾರ ಅವನು ಅವಳ ಊರು ದೇವನೂರಿಗೆ ಬಂದ. ಅವ್ವ ಮಾದಮ್ಮ ಗಟ್ಟಿ ಹಾಲು ಕಾಯಿಸಿ, ಏಲಕ್ಕಿ ಜಜ್ಜಿ ಹಾಕಿ, ಹೊಸ ಸ್ಟೀಲ್ ಲೋಟದಲ್ಲಿ ಟೀ ತಂದಿಟ್ಟಳು. ಅವನು ಲೋಟ ನೋಡಿದ, ಇಂದ್ರಾಣಿಯನ್ನು ನೋಡಿದ, ತಲೆ ತಗ್ಗಿಸಿದ.

"ಬೇಡಮ್ಮ. ಈಗ ತಾನೇ ಕುಡ್ಕೊಂಡು ಬಂದೆ."

ಅಯ್ಯೋ ಪುಣ್ಯಾತ್ಮ! ಬೇರೆ ಯಾರ ಮನೆಯಲ್ಲಾದರೂ ಅದು ಬರೀ ಮಾತು. ಆ ಕೇರಿಯಲ್ಲಿ ಹಾಗಲ್ಲ. ಓಟು ಕೇಳಲು ಬಂದವರು, ಕೂಲಿಗೆ ಕರೆಯಲು ಬಂದವರು, ಎಲ್ಲರೂ ಇದೇ ಮಾತನ್ನು ಇದೇ ನಗುಮುಖದಲ್ಲಿ ಹೇಳಿ ಎದ್ದು ಹೋಗಿದ್ದಾರೆ. ಮಾದಮ್ಮ ಲೋಟವನ್ನು ಒಳಗೆ ಒಯ್ದಳು. ಅವನು ಹೋದ ಮೇಲೆ, "ಇರ್ಲಿ ಬುಡು ಕೂಸೇ, ನಮಗೇನ್ ಒಸ್ದಾ" ಅಂದಳು. ಇಂದ್ರಾಣಿಗೆ ಅವನ ಮೇಲಿನ ಸಿಟ್ಟಿಗಿಂತ ಅವ್ವ ಅಷ್ಟು ಸಲೀಸಾಗಿ ಹಾಗಂದದ್ದು ಹೆಚ್ಚು ಉರಿಯಿತು.

ಆಮೇಲೆ ಮೂರು ವಾರ ಅವಳು ಅವನ ಫೋನ್ ಎತ್ತಲಿಲ್ಲ, ಶಾಲೆಯಲ್ಲಿ ಎದುರಾದರೆ ಮುಖ ತಿರುಗಿಸಿದಳು. ಸಂಜೆ ಶಾಲೆ ಬಿಟ್ಟರೆ ನರಸೀಪುರದ ಬಾಡಿಗೆ ರೂಮು, ಒಂದು ಪಾತ್ರೆ, ಒಂದು ಲೋಟ. ಮೊದಲೂ ಒಬ್ಬಳೇ ಇದ್ದಳು, ಆದರೆ ಇಷ್ಟು ಒಂಟಿ ಅನ್ನಿಸಿರಲಿಲ್ಲ. ಏನಾದರೂ ತಮಾಷೆ ಕಂಡರೆ ಅವನಿಗೆ ಹೇಳಬೇಕು ಅಂತ ಫೋನ್ ಕೈಗೆ ಬರುತ್ತಿತ್ತು. ಮತ್ತೆ ಇಡುತ್ತಿದ್ದಳು.

ಇನ್ನೊಂದು ನೆನಪು ಚುಚ್ಚತೊಡಗಿತು. ಸ್ಟಾಫ್ ರೂಮಿಗೆ ಕೆಟಲ್‌ನಲ್ಲಿ ಟೀ ಬಂದಾಗ ಎಲ್ಲರೂ ಕುಡಿದರೂ ಅವನು ಮಾತ್ರ ತನ್ನ ಫ್ಲಾಸ್ಕು ತೆಗೆದು ಅದರ ಮುಚ್ಚಳದಲ್ಲೇ ಕುಡಿಯುತ್ತಿದ್ದ. "ಏನ್ ಸಾರ್, ಅಮೃತಾನಾ ಅದ್ರಲ್ಲಿ?" ಅಂತ ಅವಳೇ ರೇಗಿಸುತ್ತಿದ್ದಳು. ಅವನು ತುಟಿಯಂಚಲ್ಲಿ ನಕ್ಕು ಮುಚ್ಚಳ ತಿರುಗಿಸುತ್ತಿದ್ದ. ಆ ನಗುವಿಗೆ ಅವಳು ಸೋತಿದ್ದಳು ನೋಡಿ! ಈಗ ಅನ್ನಿಸಿತು, ಇದು ಮಡಿಯೇ ಇರಬೇಕು.

ನಾಲ್ಕನೇ ಸೋಮವಾರ ಊಟದ ಬೆಲ್ ಹೊಡೆದ ಮೇಲೆ ಸ್ಟಾಫ್ ರೂಮಿನಲ್ಲಿ ಇಬ್ಬರೇ ಉಳಿದರು. ಅವಳು ಎದ್ದು ಹೋಗಿ ಅವನ ಮುಂದಿದ್ದ ಫ್ಲಾಸ್ಕಿಗೆ ಕೈ ಹಾಕಿದಳು. ಅದೇ ಮುಚ್ಚಳಕ್ಕೆ ಸುರಿದುಕೊಂಡು, ಅವನ ಕಣ್ಣನ್ನೇ ನೋಡುತ್ತಾ ಬಾಯಿಗಿಟ್ಟಳು.

"ಈಗ ತೊಳೀತೀರೋ, ಬಿಸಾಕ್ತೀರೋ?"

ಅವನು ಮುಚ್ಚಳ ಈಸಿಕೊಂಡು ಉಳಿದದ್ದನ್ನು ಕುಡಿದುಬಿಟ್ಟ.

ಅಷ್ಟರಲ್ಲಿ ಅವಳ ಬಾಯಿಗೆ ರುಚಿ ಹತ್ತಿತ್ತು. ಹಾಲಿಲ್ಲದ ಟೀ, ಬಣ್ಣವೇನೋ ಜೋರಾಗಿತ್ತು. ಆದರೆ ನಾಲಗೆಯ ಅಂಚಿಗೆ ಒಗರೇ ತಾಕಲಿಲ್ಲ. ಒಣಹುಲ್ಲಿನಂಥ ಘಮ, ಎಲ್ಲೋ ತಳದಲ್ಲಿ ತುಸು ಸಿಹಿ. ನುಂಗಿದ ಮೇಲೆ ಏನೂ ಉಳಿಯಲಿಲ್ಲ.

"ಏನ್ರೀ ಇದು? ಟೀನಾ?"

"ಡಿಕ್ಯಾಫ್. ಕೆಫೀನ್ ತೆಗೆದಿರೋ ಟೀ. ಮೊದಲ ವಾರ ಕುಡಿದು ಅಳು ಬಂದಿತ್ತು." ಅವನ ದನಿ ಇಳಿಯಿತು. "ನನ್ನ ಎದೆಬಡಿತ ಒಮ್ಮೊಮ್ಮೆ ತಾಳ ತಪ್ಪತ್ತೆ. ಪ್ರಾಣಕ್ಕೇನಿಲ್ಲ, ನನಗೆ ಮಾಮೂಲಿ ಟೀ ಕಾಫಿ ಆಗಲ್ಲ ಅಷ್ಟೇ. ಆದ್ರೆ ಹಾರ್ಟು ಅಂದ ಕೂಡ್ಲೆ ಎರಡು ಸಂಬಂಧ ತಪ್ಪಿಹೋಗಿದೆ. ನಿಮ್ಮಮ್ಮನ ಮುಂದೆ ಮೊದಲ ದಿನಾನೇ ಹೇಳೋಕೆ ಹೆದರಿದೆ."

"ನೀರಾದ್ರೂ ಕೇಳ್ಬೋದಿತ್ತು."

"ಕೇಳ್ಬೇಕಿತ್ತು. ಆ ಮಾತು ಆ ಮನೇಲಿ ಹೇಗೆ ಕೇಳ್ಸತ್ತೆ ಅಂತ ನಂಗೆ ಹೊಳೀಲೇ ಇಲ್ಲ. ಹೊಳೀದೇ ಇದ್ದದ್ದೇ ತಪ್ಪು, ಇಂದ್ರಾಣಿ."

ಅವಳಿಗೆ ಅಳು ಬಂತು. ಬರಲಿ ಬಿಡಿ, ಮೂರು ವಾರದ್ದು.

ಮುಂದಿನ ಭಾನುವಾರ ಅವನು ಡಿಕ್ಯಾಫ್ ಪೊಟ್ಟಣ ಹಿಡಿದು ದೇವನೂರಿಗೆ ಬಂದು, ಮಾದಮ್ಮನ ಅಡುಗೆಮನೆಯ ಬಾಗಿಲಲ್ಲೇ ಕೂತು ಎಲ್ಲ ಹೇಳಿದ. ಮಾದಮ್ಮ ಕೇಳಿಸಿಕೊಂಡಳೋ ಇಲ್ಲವೋ, ಸುಮ್ಮನೆ ನೀರಿಟ್ಟಳು. ಕುದಿಸಿ, ತಾನೇ ಮೊದಲು ಒಂದು ಗುಟುಕು ಹೀರಿ ಮುಖ ಕಿವುಚಿದಳು.

"ಯಾನಪ್ಪ ಇದು, ಉಪ್ಪಿಲ್ದಿರೋ ಸಾರ್ನಂಗದೆ! ಇದ್ನ ಕುಡ್ಕಂಡು ಎಂಗ್ ಬದುಕಿದ್ದೀಯೋ ಮಗ?" ಅನ್ನುತ್ತಾ ಬೆಲ್ಲದ ಚೂರೊಂದನ್ನು ಹಾಕಿ ಕೊಟ್ಟಳು. ಅವನು ಎರಡು ಲೋಟ ಕುಡಿದ.

ಇಂದ್ರಾಣಿ ಅವನನ್ನು ಬಸ್ಸಿನವರೆಗೆ ಬಿಡಲು ಹೋದಳು. ದಾರಿಯಲ್ಲಿ ಅವನ ಕಿರುಬೆರಳು ಅವಳ ಕೈಗೆ ತಾಗಿಯೂ ತಾಗದ ಹಾಗೆ ಬರುತ್ತಿತ್ತು. ಕೇಳದಿದ್ದರೆ ಆ ಸಂಜೆ ಚೆನ್ನಾಗೇ ಮುಗಿಯುತ್ತಿತ್ತು. ಆದರೂ ಕೇಳಿದಳು.

"ನಿಮ್ಮನೇಲಿ ನಂಗೆ ಟೀ ಕೊಡ್ತಾರಾ?"

ಅವನ ತಾಯಿ ಮಲ್ಲಾಜಮ್ಮ ಮಠಕ್ಕೆ ನಡೆದುಕೊಳ್ಳುವವರು, ತುಂಬ ಕಟ್ಟುನಿಟ್ಟು.

"ಗೊತ್ತಿಲ್ಲ" ಅಂದ. "ಕೊಡ್ತಾರೆ ಅಂದ್ರೆ ಇನ್ನೊಂದು ಸುಳ್ಳಾಗತ್ತೆ. ಇವತ್ತೇ ಕೇಳ್ತೀನಿ."

ಬಸ್ಸು ಹೋಯಿತು. ಆ ರಾತ್ರಿ ಫೋನ್ ಬರಲಿಲ್ಲ. ಬರದಿದ್ದರೆ ಉತ್ತರ ಇಂಥದ್ದೇ ಅಂತ ಅವಳಿಗೆ ಗೊತ್ತಿತ್ತು. ಅವನೂ ಹೀಗೇ ದೂರವಾಗುತ್ತಾನೆ ಅಂತ ಮನಸ್ಸಿಗೆ ಹೇಳಿಕೊಳ್ಳುತ್ತಾ, ಬೆಳಿಗ್ಗೆ ಮೊದಲ ಬಸ್ಸಿಗೆ ನರಸೀಪುರಕ್ಕೆ ಬಂದಳು.

ಶಾಲೆಯ ಗೇಟಿನ ಹತ್ತಿರ ಅವನು ನಿಂತಿದ್ದ. ಕಣ್ಣು ಊದಿಕೊಂಡಿತ್ತು. ಕಾಲ ಬಳಿ ಒಂದು ಸೂಟ್‌ಕೇಸ್.

"ಕೊಡಲ್ಲ ಅಂದ್ರು. ಬೆಳಗಿನವರೆಗೂ ಕೇಳ್ದೆ. ನೀನೂ ಇಲ್ಲಿ ಕುಡಿಯೋದು ಬೇಡ ಅಂದ್ರು ಅಮ್ಮ."

ಅವನು ತಾಯಿಯನ್ನು ಎಷ್ಟು ಹಚ್ಚಿಕೊಂಡವನು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಈಗೇನು ಮಾಡ್ತೀರಿ?" ಅಂದಳು.

"ನರಸೀಪುರದಲ್ಲಿ ಎಲ್ಲಾದ್ರೂ ಬಾಡಿಗೆ ಮನೆ ಇದ್ರೆ ಹೇಳಿ ಮೇಡಂ" ಅಂದ ಮಲ್ಲಿಕಾರ್ಜುನ್. "ಇಬ್ಬರಿಗೆ."